ಲಿಸ್ಬನ್ನಿನಲ್ಲಿ ಇ-ಬೈಕ್ ಪ್ರವಾಸ: ಹೋಗಿ ಬಂದವರು ಅನುಭವ ತಿಳಿಸಿ

ಪ್ರಶ್ನೆ: ಮುಂದಿನ ತಿಂಗಳು ಅಮ್ಮನೊಂದಿಗೆ ಲಿಸ್ಬನ್ನಿಗೆ ಹೋಗುತ್ತಿದ್ದೇನೆ. ಅವರಿಗೆ 58 ವರ್ಷ. ಸೈಕಲ್ ಬರುತ್ತದೆ, ಆದರೆ ಇಪ್ಪತ್ತು ವರ್ಷಗಳಿಂದ ತುಳಿದಿಲ್ಲ. ಗೈಡ್ ಜೊತೆಗಿನ ಇ-ಬೈಕ್ ಪ್ರವಾಸ ಅವರಿಗೆ ಹೊಂದುತ್ತದೆಯೇ?

ಉತ್ತರ: ಖಂಡಿತ ಹೊಂದುತ್ತದೆ, ಆದರೆ ಯಾವ ದಾರಿಯ ಪ್ರವಾಸವೆಂದು ವಿಚಾರಿಸಿಯೇ ಬುಕ್ ಮಾಡಿ. ಏಳು ಬೆಟ್ಟಗಳ ಊರೆಂದು ಹೆಸರಾದ ಲಿಸ್ಬನ್ನಿನಲ್ಲಿ ಎಲ್ಲರೂ ಹೆದರುವುದು ಏರಿಗೆ. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿ ತುಳಿದಾಗ ಅರಿವಾದದ್ದೆಂದರೆ, ಏರನ್ನು ಮೋಟಾರು ನೋಡಿಕೊಳ್ಳುತ್ತದೆ, ಇಳಿಜಾರನ್ನು ನಾವೇ ನೋಡಿಕೊಳ್ಳಬೇಕು. ನಮಗೆ ಕೊಟ್ಟ ಬೈಕುಗಳಲ್ಲಿ ಸ್ಕೂಟರಿನಂತೆ ಆಕ್ಸಿಲರೇಟರ್ ಇರಲಿಲ್ಲ. ಪೆಡಲ್ ತುಳಿದರೆ ಮಾತ್ರ ಮೋಟಾರು ನೆರವಾಗುತ್ತದೆ, ಗಂಟೆಗೆ 25 ಕಿಲೋಮೀಟರ್ ವೇಗ ತಲುಪಿದೊಡನೆ ಆ ನೆರವು ನಿಲ್ಲುತ್ತದೆ. ಸೆನ್ಯೋರಾ ದು ಮೊಂಟೆ ಗುಡ್ಡದ ಮೇಲಿನವರೆಗೂ ನಾವು ಏದುಸಿರಿಲ್ಲದೆ ಹತ್ತಿದೆವು. ಆದರೆ ಅಲ್ಲಿಂದ ಅಲ್ಫಾಮಾ ಎಂಬ ಹಳೆಯ ಕೇರಿಯ ಕಡೆಗೆ ಇಳಿಯುವಾಗ, ಇಪ್ಪತ್ತು ಕಿಲೋಗೂ ಮೀರಿದ ತೂಕದ ಬೈಕು ಸವೆದು ನುಣುಪಾದ ಕಲ್ಲುಹಾಸಿನ ಮೇಲೆ ತಾನಾಗಿಯೇ ಓಡತೊಡಗಿ, ಪತ್ನಿಯ ಮುಂದಿನ ಚಕ್ರ ಟ್ರಾಮ್ ಹಳಿಯ ಸಂದಿಗೆ ಸಿಕ್ಕಿಕೊಂಡಿತು. ಅವಳು ಬಿದ್ದು ಅಂಗೈ ತರಚಿತು. ಹಳಿಯನ್ನು ಓರೆಯಾಗಿ ದಾಟದೆ ನೇರವಾಗಿ ಅಡ್ಡಹಾಯಬೇಕೆಂದು ಗೈಡ್ ಮೊದಲೇ ಹೇಳಿದ್ದರು. ಇಕ್ಕಟ್ಟಿನ ಓಣಿಯಲ್ಲಿ ಬೆನ್ನ ಹಿಂದೆಯೇ ಟ್ರಾಮಿನ ಗಂಟೆ ಬಾರಿಸಿದಾಗ ಆ ಮಾತು ನೆನಪಿಗೆ ಬರುವುದಿಲ್ಲ.

ಆದ್ದರಿಂದ ನಿಮ್ಮ ತಾಯಿಯವರಿಗೆ ನಾನು ಹೇಳುವುದು ತೇಜು ನದಿಯ ದಂಡೆಯುದ್ದಕ್ಕೂ ಬೆಲೆಂ ಬಡಾವಣೆಯ ಕಡೆಗೆ ಹೋಗುವ ಪ್ರವಾಸ. ದಾರಿ ಬಹುಪಾಲು ಸಮತಟ್ಟು, ಹೆಚ್ಚಿನ ಕಡೆ ಸೈಕಲ್ಲಿಗೇ ಪಥವಿದೆ. 1966ರಲ್ಲಿ ತೆರೆದ ಉಕ್ಕಿನ ತೂಗುಸೇತುವೆಯ ಕೆಳಗೆ ಒಂದು ಕ್ಷಣ ನಿಲ್ಲಿ: ಮೇಲೆ ಲೋಹದ ಜಾಲರಿಯ ಮೇಲೆ ಕಾರುಗಳು ಹರಿಯುವ ಸದ್ದು ದೊಡ್ಡ ಜೇನುಹಿಂಡಿನಂತೆ ಗುಂಯ್‌ಗುಡುತ್ತಿರುತ್ತದೆ. ಅಲ್ಫಾಮಾವನ್ನು ಮರುದಿನ ನಡೆದೇ ನೋಡಿ; 1755ರ ಭೂಕಂಪದಲ್ಲಿ ಬಹುಮಟ್ಟಿಗೆ ಉಳಿದುಕೊಂಡ ಆ ಕೇರಿಯ ಮೆಟ್ಟಿಲು ಓಣಿಗಳಿಗೆ ಕಾಲೇ ಸರಿ.

ಮತ್ತೊಂದು ಉತ್ತರ: ಮೇಲಿನವರ ಮಾತು ನಿಜ. ಸೋಮವಾರ ಮಾತ್ರ ಬೇಡ, ಬೆಲೆಂನ ಜೆರೊನಿಮೊಸ್ ಮಠಕ್ಕೆ ಅಂದು ರಜೆ. ವಾಸ್ಕೋ ಡ ಗಾಮನ ಸಮಾಧಿ ಇರುವುದು ಅಲ್ಲಿಯೇ. 1498ರಲ್ಲಿ ಅವನ ಹಡಗುಗಳು ತಂಗಿದ್ದ ಅಂಜದೀವ ದ್ವೀಪವನ್ನು ಸಮೀಪದಿಂದ ಬಲ್ಲ ಕಾರವಾರದವಳಾದ ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಬುಕ್ ಮಾಡುವಾಗ ತಾಯಿಯವರ ಎತ್ತರವನ್ನು ತಿಳಿಸಿ, ಅಡ್ಡಪಟ್ಟಿಯಿಲ್ಲದ ಬೈಕನ್ನೇ ಕೇಳಿ. ಕುಳಿತಾಗ ಎರಡೂ ಪಾದ ನೆಲ ಮುಟ್ಟಬೇಕು. ಮೊದಲ ತುಳಿತಕ್ಕೇ ಮೋಟಾರು ಮುಂದಕ್ಕೆ ಎಳೆಯುವುದರಿಂದ, ಹೊರಡುವ ಮುನ್ನ ವಿಶಾಲವಾದ ಚೌಕದಲ್ಲಿ ಕಾಲು ಗಂಟೆ ಅಭ್ಯಾಸ ಮಾಡಿಸಲು ಗೈಡನ್ನು ಕೇಳಿಕೊಳ್ಳಿ. ದುಪಟ್ಟಾ ರೂಮಿನಲ್ಲಿಯೇ ಇರಲಿ.