ಇಲಿಯನ್ ಪೈಪ್ಸ್ ಚೀಲದಿಂದ ಗಾಳಿ ಸೋರುತ್ತಿದೆ, ಮಳೆಗಾಲಕ್ಕೆ ಮುಂಚೆ ಏನು ಮಾಡಲಿ?

ಕೋಡಿಬಾಗ_ಪೈಪ್ಸ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಕಾರವಾರದಲ್ಲಿ. ನನ್ನ ಹತ್ತಿರ ಒಂದು ಹಳೇ ಇಲಿಯನ್ ಪೈಪ್ಸ್ ಇದೆ. ಐರ್ಲೆಂಡಿನ ವಾದ್ಯ ಇದು, ಬಾಯಲ್ಲಿ ಊದುವುದಿಲ್ಲ. ಬಲ ಮೊಣಕೈ ಕೆಳಗೆ ಕಟ್ಟಿಕೊಂಡ ಸಣ್ಣ ತಿದಿಯನ್ನು ಒತ್ತಿದರೆ ಗಾಳಿ ಎಡ ಕಂಕುಳಲ್ಲಿರುವ ಚರ್ಮದ ಚೀಲಕ್ಕೆ ಹೋಗುತ್ತದೆ, ಅಲ್ಲಿಂದ ಚಾಂಟರಿಗೆ (ಬೆರಳಾಡಿಸಿ ರಾಗ ನುಡಿಸುವ ಕೊಳವೆ) ಮತ್ತು ಡ್ರೋನ್‌ಗಳಿಗೆ (ಒಂದೇ ಸ್ವರ ಹಿಡಿಯುವ ಶ್ರುತಿ ಕೊಳವೆಗಳು).

ಈಗ ಸಮಸ್ಯೆ ಏನೆಂದರೆ ತಿದಿಯನ್ನು ಬಿಡದೆ ಒತ್ತುತ್ತಲೇ ಇರಬೇಕು, ಕೈ ನೋವು ಬರುತ್ತದೆ. ಮೇಲಿನ ಸ್ಥಾಯಿಗೆ ಹೋದರೆ ಒತ್ತಡ ಸಾಲದೆ ಸ್ವರ ಕೆಳಗೆ ಬೀಳುತ್ತದೆ. ಚೀಲದ ಹೊಲಿಗೆ ಉದ್ದಕ್ಕೂ ಹೋದ ಮಳೆಗಾಲದ ಬೂಷ್ಟಿನ ಗುರುತು ಹಾಗೇ ಇದೆ. ತೆಂಗಿನೆಣ್ಣೆ ಹೊಯ್ದುಬಿಡು ಅಂತ ಒಬ್ಬರು. ಸೈನ್ಯದ ಬ್ಯಾಂಡಿನಲ್ಲಿದ್ದ ಇನ್ನೊಬ್ಬರು ಗ್ಲಿಸರಿನ್, ಜೇನುತುಪ್ಪ ಕಲಸಿ ಒಳಗೆ ಹಾಕು ಅನ್ನುತ್ತಾರೆ. ಯಾವುದು ಸರಿ?

ಜೀನು_ಹೊಲಿಗೆ

ಎರಡೂ ಬೇಡ. ದಯವಿಟ್ಟು ಇನ್ನೂ ಏನೂ ಹೊಯ್ಯಬೇಡಿ.

ಬ್ಯಾಂಡಿನವರು ಹೇಳಿದ್ದು ಅವರ ವಾದ್ಯಕ್ಕೆ ಸರಿ. ಬಾಯಲ್ಲಿ ಊದುವ ಪೈಪ್‌ನಲ್ಲಿ ಉಸಿರಿನ ತೇವ ಚೀಲದೊಳಗೆ ಸೇರುತ್ತಲೇ ಇರುತ್ತದೆ, ಆ ತೇವವನ್ನು ಹೀರಿ ಹಿಡಿದುಕೊಳ್ಳಲಿ ಅಂತ ಗ್ಲಿಸರಿನ್ ಹಾಕುತ್ತಾರೆ. ನಿಮ್ಮದರಲ್ಲಿ ಉಸಿರೇ ಹೋಗುವುದಿಲ್ಲ. ಒಳಗೆ ಒಣ ಗಾಳಿ, ರೀಡುಗಳೂ (ಕಂಪಿಸಿ ನಾದ ಹುಟ್ಟಿಸುವ ತೆಳು ಪಟ್ಟಿಗಳು) ಒಣಗಿಯೇ ಇರಬೇಕು. ಅಲ್ಲಿ ನೀರಂಶ ಇರುವುದನ್ನು ಹಾಕಿದರೆ ರೀಡು ಉಬ್ಬಿ ಶ್ರುತಿ ಕೆಡುತ್ತದೆ, ಕಾರವಾರದ ಹವೆಗೆ ಬೂಷ್ಟೂ ಜೋರಾಗುತ್ತದೆ. ತೆಂಗಿನೆಣ್ಣೆ ಬರೀ ಎಣ್ಣೆ. ಚರ್ಮ ಮೆತ್ತಗಾಗಬಹುದು, ಆದರೆ ಸೂಜಿ ತೂತು ಮುಚ್ಚುವುದಿಲ್ಲ. ಬೇಸಿಗೆಯಲ್ಲಿ ಜಿನುಗಿ ಬಟ್ಟೆಗೆಲ್ಲ ಹತ್ತುತ್ತದೆ.

ಮೊದಲು ಎಲ್ಲಿ ಸೋರುತ್ತಿದೆ ಅಂತ ಹುಡುಕಿ. ಚಾಂಟರು, ಡ್ರೋನು, ಕೀಲಿ ಒತ್ತಿ ಜೊತೆ ಸ್ವರ ನುಡಿಸುವ ರೆಗ್ಯುಲೇಟರು, ರೀಡು ಎಲ್ಲ ಬಿಚ್ಚಿ ಬೇರೆ ಇಡಿ. ಸ್ಟಾಕ್‌ಗಳ (ಕೊಳವೆ ಸಿಕ್ಕಿಸಲು ಚೀಲಕ್ಕೆ ಕಟ್ಟಿರುವ ಗೂಡುಗಳು) ಬಾಯಿಗೆ ಬಿಗಿಯಾಗಿ ಕಾರ್ಕ್ ಹಾಕಿ, ಚೀಲ ಗಟ್ಟಿಯಾಗುವ ತನಕ ತಿದಿ ಒತ್ತಿ. ಆಮೇಲೆ ತಿದಿಯ ನಳಿಕೆ ಬಿಚ್ಚಿ. ಆ ತೂತಿನಿಂದ ಗಾಳಿ ವಾಪಸ್ ಬಂದರೆ ತಪ್ಪು ಚೀಲದ್ದಲ್ಲ, ಒಳಗಿನ ಚರ್ಮದ ವಾಲ್ವಿನದು. ಆ ತೂತನ್ನೂ ಬೆರಳಲ್ಲಿ ಒತ್ತಿ ಹಿಡಿದು, ಸೋಪಿನ ನೀರನ್ನು ಸಣ್ಣ ಬ್ರಶ್‌ನಲ್ಲಿ ಹೊಲಿಗೆ ಮೇಲೆ ಮತ್ತು ಸ್ಟಾಕ್ ಕಟ್ಟಿದ ಹುರಿಯ ಸುತ್ತ ತೆಳ್ಳಗೆ ಹಚ್ಚಿ ನೋಡಿ. ಸೋರುವ ತೂತಿನಲ್ಲಿ ಗುಳ್ಳೆ ಏಳುತ್ತದೆ, ಕೆಲವು ಕಡೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತವೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ತಕ್ಷಣ ಒರೆಸಿಬಿಡಿ.

ಮದ್ದಲೆ_ಹೊನ್ನಾವರ

ಬೂಷ್ಟಿನ ವಿಷಯಕ್ಕೆ ನನ್ನದೊಂದು ಮಾತು. ನಮ್ಮ ಕಡೆ ಮಳೆಗಾಲದಲ್ಲಿ ಚಂಡೆ ಮದ್ದಲೆ ಎಲ್ಲ ಬೆಚ್ಚಗಿರುವ ಕಡೆ ಇಡುತ್ತೇವೆ, ಒಲೆ ಮೇಲಿನ ಅಟ್ಟ ಇದ್ದರೆ ಅಲ್ಲೇ. ನೀವೂ ಹಾಗೇ ಮಾಡಿದರೆ ಆಗುವುದಿಲ್ವಾ?

ಜೀನು_ಹೊಲಿಗೆ

ಮದ್ದಲೆಗೆ ಸರಿ ಅಣ್ಣ, ಇದಕ್ಕೆ ಬೇಡ. ನಿಮ್ಮದು ಹದ ಮಾಡದ ಹಸಿ ತೊಗಲು, ಒಣಗಿ ಬಿಗಿಯಾದಷ್ಟೂ ನಾದ ಬರುತ್ತದೆ. ಈ ಚೀಲ ಹದ ಮಾಡಿದ ಚರ್ಮ, ಮೆತ್ತಗೆ ಮಡಚಬೇಕು. ಒಲೆ ಬಿಸಿಗೆ ಇಟ್ಟರೆ ಒಳಗಿನ ಜಿಡ್ಡು ಹರಿದುಹೋಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮರದ ಭಾಗಗಳೂ ಸೀಳಬಹುದು. ಬೂಷ್ಟನ್ನು ಮನೆ ಹೊರಗೆ ಹೋಗಿ ಒಣ ಬ್ರಶ್‌ನಲ್ಲಿ ಕೊಡವಿ, ಸ್ಪಿರಿಟ್ ಸ್ವಲ್ಪವೇ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಬಿಡಿ. ಚೀಲಕ್ಕೆ ವೆಲ್ವೆಟ್ ಹೊದಿಕೆ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನುಡಿಸದ ಹೊತ್ತಲ್ಲಿ ತೆಗೆದಿಡಿ, ಅದು ತೇವ ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನೊಳಗಂತೂ ಕಟ್ಟಿಡಲೇಬೇಡಿ.

ಶಿರಸಿ_ಜೇನು

ಹೊಲಿಗೆಯ ತೂತು ಮುಚ್ಚಲು ಜೇನುಮೇಣ ಬೇಕಿದ್ದರೆ ಶಿರಸಿ ಕಡೆ ಜೇನು ಸಾಕುವವರ ಹತ್ತಿರ ಶುದ್ಧವಾದದ್ದೇ ಸಿಗುತ್ತದೆ. ಮೇಣದ ಬತ್ತಿ ಕರಗಿಸಿ ಹಾಕಬೇಡಿ, ಅದು ಪ್ಯಾರಾಫಿನ್, ಮಡಚಿದರೆ ಪುಡಿಯಾಗುತ್ತದೆ. ಜೇನುಮೇಣ ಕರಗಲು 62ರಿಂದ 65 ಡಿಗ್ರಿ ಸಾಕು. ನೇರ ಉರಿಗೆ ಇಡುವುದು ಬೇಡ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣ ಮೆತ್ತಗಾಗಲು ಎಣ್ಣೆ ಬದಲು ಮುರುಗಲು ತುಪ್ಪ ಸೇರಿಸಿದರೆ ಹೇಗೆ? ಹಿಮ್ಮಡಿ ಒಡಕಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ.

ಜೀನು_ಹೊಲಿಗೆ

ಮುರುಗಲು ತುಪ್ಪ ತಣ್ಣಗಾದರೆ ಗಟ್ಟಿ ಕಟ್ಟುತ್ತದೆ, ಮೇಣವೂ ಗಟ್ಟಿ. ಎರಡೂ ಗಟ್ಟಿಯೇ ಆದರೆ ಚೀಲ ಒತ್ತಿದಾಗ ಹೊಲಿಗೆಯಲ್ಲಿ ಬಿರಿಯುತ್ತದೆ. ಮೇಣದ ಜೊತೆ ತೆಳು ಎಣ್ಣೆಯೇ ಬೇಕು. ದನದ ಕಾಲೆಲುಬಿನಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆಯನ್ನು ಕುದುರೆ ಜೀನು ಮಾಡುವವರು ಬಳಸುತ್ತಾರೆ, ಕಾನ್ಪುರದ ಕಡೆಯಿಂದ ತರಿಸಬಹುದು. ಅಗಸೆ ಎಣ್ಣೆ ಬೇಡ, ಅದು ಒಣಗಿ ತೊಗಲನ್ನು ಬಿರುಸು ಮಾಡುತ್ತದೆ.

ಮಿಶ್ರಣ ಬೆಣ್ಣೆಯಷ್ಟು ಮೆತ್ತಗಿರಲಿ. ಬೆರಳು ತಾಳುವಷ್ಟು ಬಿಸಿ ಇದ್ದಾಗ ದೊಡ್ಡ ಸ್ಟಾಕ್ ಮೂಲಕ ಸ್ವಲ್ಪ ಒಳಗೆ ಬಿಟ್ಟು, ಚೀಲವನ್ನು ಹೊಲಿಗೆ ಕೆಳಗೆ ಬರುವ ಹಾಗೆ ಹಿಡಿದು ಹೊರಗಿನಿಂದ ಹೆಬ್ಬೆರಳಲ್ಲಿ ತಿಕ್ಕಿ. ನಂತರ ಕಾರ್ಕ್ ಹಾಕಿ ಗಾಳಿ ತುಂಬಿ ಗಟ್ಟಿಯಾಗಿ ಒತ್ತಿ. ಒಳಗಿನ ಒತ್ತಡಕ್ಕೆ ಮೇಣ ತಾನೇ ತೂತಿನೊಳಗೆ ಹೋಗಿ ಕೂರುತ್ತದೆ, ಹೊರಗಡೆ ಚುಕ್ಕೆ ಚುಕ್ಕೆಯಾಗಿ ಕಾಣಿಸುತ್ತದೆ. ಉಳಿದದ್ದು ಬಸಿಯಲು ಬಾಯಿ ಕೆಳಗೆ ಮಾಡಿ ರಾತ್ರಿಯಿಡೀ ನೇತುಹಾಕಿ. ಸ್ಟಾಕ್‌ಗಳ ಒಳಭಾಗ ಚೆನ್ನಾಗಿ ಒರೆಸದೆ ರೀಡು ಹಾಕಬೇಡಿ, ಒಂದು ಹನಿ ಎಣ್ಣೆ ಸಾಕು ರೀಡು ಹಾಳಾಗಲು. ದಾರ ಎಲ್ಲಾದರೂ ತುಂಡಾಗಿದ್ದರೆ ಮಾತ್ರ ಮೇಣ ಹಚ್ಚಿ ಪ್ರಯೋಜನವಿಲ್ಲ. ಮೇಣ ಉಜ್ಜಿದ ನಾರಗಸೆ ದಾರದಲ್ಲಿ ಎರಡು ಸೂಜಿ ಹಾಕಿ, ಹಳೇ ತೂತಿನಲ್ಲೇ ಮತ್ತೆ ಹೊಲಿಸಬೇಕು.

ಕೋಡಿಬಾಗ_ಪೈಪ್ಸ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಪು ನೀರು ಹಚ್ಚಿ ನೋಡಿದೆ. ಹೊಲಿಗೆಯಲ್ಲಿ ಚೀಲದ ಕುತ್ತಿಗೆ ಹತ್ತಿರ ಮಾತ್ರ ಗುಳ್ಳೆ ಬಂತು, ದಾರ ಗಟ್ಟಿ ಇದೆ. ಆದರೆ ನಳಿಕೆ ಬಿಚ್ಚಿದ ಕೂಡಲೇ ಗಾಳಿ ಬುಸ್ ಅಂತ ವಾಪಸ್ ಬಂತು! ವಾಲ್ವಿನ ಚರ್ಮ ತುದಿಯಲ್ಲಿ ಮೇಲಕ್ಕೆ ಸುರುಟಿದೆ. ಅದಕ್ಕೂ ಇದೇ ಮೇಣ ಹಚ್ಚಬಹುದಾ?

ಜೀನು_ಹೊಲಿಗೆ

ಬೇಡ, ಅಂಟಿಕೊಂಡುಬಿಡುತ್ತದೆ. ಸುರುಟಿದ್ದನ್ನು ತೆಗೆದು, ಕೈಗವಸಿನ ಚರ್ಮದ ಹಾಗೆ ತೆಳ್ಳಗೆ ಮೆತ್ತಗೆ ಇರುವ ತುಂಡು ಕತ್ತರಿಸಿ ಹಾಕಿ. ತೂತಿಗಿಂತ ಎಲ್ಲ ಕಡೆ ಸ್ವಲ್ಪ ದೊಡ್ಡದಿರಲಿ, ಒಂದು ತುದಿ ಮಾತ್ರ ಅಂಟಿಸಿ. ಮೊದಲು ವಾಲ್ವ್ ಸರಿಮಾಡಿ ನುಡಿಸಿ ನೋಡಿ. ಆಮೇಲೂ ಒತ್ತಡ ಸಾಲದಿದ್ದರೆ ಆ ಕುತ್ತಿಗೆ ಹತ್ತಿರದ ಹೊಲಿಗೆಗಷ್ಟೇ ಮೇಣ ಹಾಕಿ, ಇಡೀ ಚೀಲಕ್ಕೆ ಬೇಕಿಲ್ಲ.