ಅಪ್‌ಡೇಟ್: ದೇವಿಮನೆ ಘಟ್ಟದಲ್ಲಿ ಮೂರನೇ ಗೇರಿಗೆ ಸಿಕ್ಕಿಕೊಂಡಿದ್ದ ಪಿಕಪ್

ತೆಂಗಿನಕಾಯಿ ಹೇರಿಕೊಂಡು ಕುಮಟಾದಿಂದ ಶಿರಸಿಗೆ ಹತ್ತುವಾಗ ನನ್ನ ಆಟೋಮ್ಯಾಟಿಕ್ ಪಿಕಪ್ ಮೂರನೇ ಗೇರು ಬಿಟ್ಟು ಕದಲುತ್ತಿಲ್ಲ ಎಂದು ಎರಡು ವಾರದ ಹಿಂದೆ ಕೇಳಿದ್ದೆ. ಈಗ ಸರಿಯಾಗಿದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಗೇರ್ ಆಯಿಲ್ ಬದಲಿಸಿದ್ದು ಪ್ರಯೋಜನವಾಗಲಿಲ್ಲ. ಬ್ಯಾಟರಿ ವೈರು ಬಿಚ್ಚಿ ಹಾಕಿದ ಮೇಲೆ ಅರ್ಧ ದಿನ ಚೆನ್ನಾಗಿ ಓಡಿತು. ಅಂಕೋಲಾ ತಲುಪುವಷ್ಟರಲ್ಲಿ ಮತ್ತೆ ಅದೇ ಪಾಡು.

ದಾರಿ ತೋರಿಸಿದ್ದು, ‘ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಸ್ಕ್ಯಾನ್ ಮಾಡಿಸಿ’ ಎಂದ ಕಾರವಾರದ ಅಣ್ಣನವರ ಮಾತು. ಸ್ಕ್ಯಾನರಿನಲ್ಲಿ ಯು0101 ಎಂಬ ದೋಷದ ಕೋಡ್ ಬಂತು. ಗೇರ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಆದ ಟಿಸಿಎಂ ಜೊತೆ ಸಂಪರ್ಕ ತಪ್ಪಿದೆ ಎಂದು ಅದರ ಅರ್ಥ. ಅಷ್ಟಕ್ಕೇ ಮಾಡ್ಯೂಲ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಫ್ಯೂಸ್, ವೈರು, ಅರ್ತಿಂಗ್ ಕೆಟ್ಟರೂ ಇದೇ ಕೋಡ್ ಬರುತ್ತದೆ. ನಮ್ಮ ಮೆಕ್ಯಾನಿಕ್ ಅವನ್ನೆಲ್ಲ ತಾಳ್ಮೆಯಿಂದ ಪರೀಕ್ಷಿಸಿದ ಮೇಲೆಯೇ ಮಾಡ್ಯೂಲಿಗೆ ಕೈ ಹಾಕಿದರು. ಅದರ ಕನೆಕ್ಟರಿನ ಪಿನ್ನುಗಳ ತುಂಬ ಹಸಿರು ಕಿಲುಬು, ಒಳಗಿನ ಬೋರ್ಡಿಗೂ ನೀರು ಇಳಿದಿತ್ತು. ಹಾಗಾಗಿ ಹೊಸ ಮಾಡ್ಯೂಲನ್ನೇ ಹಾಕಿಸಬೇಕಾಯಿತು. ಕಡಲ ಬದಿಯ ಉಪ್ಪುಗಾಳಿಯಲ್ಲಿ, ಮಳೆಯಲ್ಲಿ ಗಾಡಿ ನಿಲ್ಲಿಸುವವರು ಆ ಕನೆಕ್ಟರನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿ.

ನನಗೆ ತಿಳಿದಿರದ ಸಂಗತಿ ಇನ್ನೊಂದಿತ್ತು. ನನ್ನ ಗಾಡಿಗೆ ಹೊಸ ಮಾಡ್ಯೂಲ್ ಕೂಡಿಸಿದರೆ ಸಾಲದು, ಚಾಸಿ ನಂಬರಿಗೆ ಹೊಂದುವ ಸಾಫ್ಟ್‌ವೇರನ್ನೂ ತುಂಬಿಸಬೇಕು. ಗುಜರಿಯಿಂದ ಹಳೆಯದನ್ನು ತರಲು ಹೊರಟಿದ್ದ ನನ್ನನ್ನು ತಡೆದವರು ದೊಡ್ಡ ಉಪಕಾರ ಮಾಡಿದಿರಿ. ಮೊದಲ ಎರಡು ದಿನ ಗೇರು ಬದಲಾಗುವಾಗ ಸಣ್ಣ ಜರ್ಕ್ ಇತ್ತು. ಮಾಡ್ಯೂಲ್ ಗೇರ್‌ಬಾಕ್ಸಿನ ನಡೆಯನ್ನು ಕಲಿತುಕೊಂಡ ಮೇಲೆ ಅದೂ ಹೋಯಿತು.

ನಿನ್ನೆ ತುಂಬಿದ ಲೋಡಿನಲ್ಲೇ ದೇವಿಮನೆ ಹತ್ತಿದೆ. ತಿರುವುಗಳಲ್ಲಿ ಎರಡಕ್ಕೆ, ಒಂದಕ್ಕೆ ತಾನಾಗಿಯೇ ಇಳಿಯಿತು.