‘ಸ್ವತಂತ್ರ ಕಥೋಲಿಕ’ ಅನ್ನೋದು ತಪ್ಪು ಪ್ರಯೋಗವಾ? (ಬ್ರಹ್ಮಾವರದ ಸಭೆ ವಿಷಯ)

ನಮಸ್ಕಾರ ಎಲ್ರಿಗೂ. ಒಂದು ಪದದ ಹತ್ರ ಸಿಕ್ಕಿಹಾಕ್ಕೊಂಡಿದೀನಿ, ಬಲ್ಲವರು ಸ್ವಲ್ಪ ದಾರಿ ತೋರಿಸ್ಬೇಕು.

ನಮ್ಮ ಕಡೆಯ ಒಂದು ಸ್ಮರಣ ಸಂಚಿಕೆಗೆ ಬ್ರಹ್ಮಾವರದ ಸಿರಿಯನ್ ಕ್ರಿಶ್ಚಿಯನ್ನರ ಬಗ್ಗೆ ಬರ್ಕೊಟ್ಟಿದ್ದೆ, ಅದರಲ್ಲಿ ‘ಸ್ವತಂತ್ರ ಕಥೋಲಿಕ ಸಭೆ’ ಅಂತ ಇತ್ತು (‘ಸಭೆ’ ಅಂದ್ರೆ ಇಲ್ಲಿ ಮೀಟಿಂಗ್ ಅಲ್ಲ, ಚರ್ಚ್). ಕರಡು ತಿದ್ದಿದವರು ಅದಕ್ಕೆ ಕೆಂಪು ಗೀಟು ಎಳೆದು ಮೇಲೆ ‘ಕಥೋಲಿಕ ಧರ್ಮ ತೊರೆದವರು’ ಅಂತ ಬರೆದು ವಾಪಸ್ ಕಳಿಸಿದ್ರು. ಕೇಳಿದ್ರೆ, ಪೋಪರನ್ನೇ ಒಪ್ಪದವರು ಕಥೋಲಿಕರು ಹೇಗಾಗ್ತಾರೆ, ಆ ಎರಡು ಪದ ಒಟ್ಟಿಗೆ ಕೂರೋದೇ ಇಲ್ಲ ಅಂದ್ರು. ನಂಗೆ ಬೇಜಾರಾಯ್ತು, ಯಾಕಂದ್ರೆ ‘ತೊರೆದವರು’ ಅಂದ ಕೂಡ್ಲೇ ಇಡೀ ಕತೆನೇ ತಿರುವುಮುರುವಾಗುತ್ತೆ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳ್ತೀನಿ. ಗೋವಾದ ವೆರ್ಣಾದಲ್ಲಿ 1836ರಲ್ಲಿ ಹುಟ್ಟಿದ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಆಲ್ವಾರಿಸ್ ಅನ್ನೋರು ಕಥೋಲಿಕ ಪಾದ್ರಿ, ಪತ್ರಿಕೆ ನಡೆಸ್ತಿದ್ರು, ಅದರಲ್ಲಿ ಪೋರ್ಚುಗೀಸ್ ಸರ್ಕಾರವನ್ನೂ ಅಲ್ಲಿನ ಚರ್ಚ್ ಮೇಲಿನವರನ್ನೂ ನೇರವಾಗಿ ಟೀಕೆ ಮಾಡಿ ಇಬ್ಬರಿಗೂ ಬೇಡವಾದ್ರು. ಅದೇ ಹೊತ್ತಿಗೆ 1886ರಲ್ಲಿ ಪೋಪರಿಗೂ ಪೋರ್ಚುಗಲ್‌ಗೂ ಒಪ್ಪಂದವಾಗಿ, ಗೋವಾದ ಹೊರಗೆ ‘ಪದ್ರುವಾದು’ (ಚರ್ಚ್ ಮೇಲೆ ಪೋರ್ಚುಗಲ್ ರಾಜನಿಗಿದ್ದ ಹಕ್ಕು) ಕೆಳಗಿದ್ದ ಎಷ್ಟೋ ಇಗರ್ಜಿಗಳು ರೋಮಿನ ‘ಪ್ರೊಪಗಾಂಡ’ದ, ಅಂದ್ರೆ ಧರ್ಮಪ್ರಚಾರ ನೋಡ್ಕೊಳ್ಳೋ ಪೋಪರ ಕಚೇರಿಯ, ಕೈಗೆ ಹೋದ್ವು. ತಲೆಮಾರುಗಳಿಂದ ಗೋವಾ ಪಾದ್ರಿಗಳ ಹತ್ರ ಪೂಜೆ ಕೇಳಿ ಬಂದಿದ್ದ ಜನರಲ್ಲಿ ಕೆಲವರು, ಸಿಲೋನಿನಲ್ಲೂ ನಮ್ಮ ಕರಾವಳಿಯಲ್ಲೂ, ಇದನ್ನ ಒಪ್ಪಲಿಲ್ಲ. ಆಲ್ವಾರಿಸ್ ಕೇರಳಕ್ಕೆ ಹೋಗಿ 1889ರಲ್ಲಿ ಕೊಟ್ಟಾಯಂನಲ್ಲಿ ಮಲಂಕರ ಸಿರಿಯನ್ ಬಿಷಪ್ಪರ ಕೈಯಿಂದ ಬಿಷಪ್ ದೀಕ್ಷೆ ತಗೊಂಡು ಮಾರ್ ಯೂಲಿಯೋಸ್ ಆದ್ರು (‘ಮಾರ್’ ಹೆಸರಲ್ಲ, ಸಿರಿಯಾಕ್ ಭಾಷೆಯಲ್ಲಿ ‘ಒಡೆಯ’ ಅಂತ). ಅವರ ಜೊತೆ ನಿಂತ ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾ ಬ್ರಹ್ಮಾವರದಲ್ಲಿ ಈ ಸಭೆ ಕಟ್ಟಿದ್ರು. ಕೊಂಕಣಿ ಬಿಡಲಿಲ್ಲ, ಗೋವಾದ ಅಡ್ಡಹೆಸರು ಬಿಡಲಿಲ್ಲ. ಸಭೆಗೆ ಅವರೇ ಇಟ್ಟುಕೊಂಡಿದ್ದ ಹೆಸರೇ ಸಿಲೋನ್, ಗೋವಾ ಮತ್ತು ಇಂಡಿಯಾದ ಸ್ವತಂತ್ರ ಕಥೋಲಿಕ ಸಭೆ ಅಂತ. ಹಾಗಿರುವಾಗ ನಾವು ಯಾರು ಅದನ್ನ ಹೊಡೆದು ಹಾಕೋಕೆ?

ಪದಕ್ಕೆ ಬರ್ತೀನಿ. ‘ಕಥೋಲಿಕ’ ಗ್ರೀಕ್ ಮೂಲದ್ದು, ‘ಇಡೀ’, ‘ಒಟ್ಟು’, ‘ಸಾರ್ವತ್ರಿಕ’ ಅನ್ನೋ ಅರ್ಥ, ಅದರೊಳಗೆ ಪೋಪ್ ಇಲ್ಲ, ರೋಮೂ ಇಲ್ಲ. 1912ರಿಂದ ಮಲಂಕರ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥರಿಗಿರೋ ‘ಕಾತೋಲಿಕೋಸ್’ ಪದವಿಯೂ ಅದೇ ಬೇರಿನದು, ಅವರೂ ಪೋಪರ ಕೆಳಗಿಲ್ಲ. ಹಾಲೆಂಡಿನ ಉಟ್ರೆಕ್ಟ್‌ನವರು 1724ರಲ್ಲಿ ರೋಮಿನ ಒಪ್ಪಿಗೆ ಇಲ್ಲದೆ ಬಿಷಪ್ ಮಾಡ್ಕೊಂಡ್ರು, ಆಮೇಲೂ ತಮ್ಮನ್ನ ‘ಹಳೆ ಕಥೋಲಿಕರು’ ಅಂತಲೇ ಕರ್ಕೊಂಡ್ರು. ಇನ್ನೊಂದು ಸಂಗತಿ, 1892ರಲ್ಲಿ ಕೊಲಂಬೊದಲ್ಲಿ ಇದೇ ಆಲ್ವಾರಿಸ್ ಅಮೆರಿಕದಿಂದ ಬಂದ ರೆನೆ ವಿಲಾಟ್ ಅನ್ನೋರಿಗೆ ಬಿಷಪ್ ದೀಕ್ಷೆ ಕೊಟ್ರು, ಇವತ್ತು ಅಮೆರಿಕ ಯುರೋಪಿನಲ್ಲಿ ‘ಸ್ವತಂತ್ರ ಕಥೋಲಿಕ’ ಅಂತ ಹೇಳ್ಕೊಳ್ಳೋ ಎಷ್ಟೋ ಸಣ್ಣ ಸಭೆಗಳು ತಮ್ಮ ಬಿಷಪ್ ಪರಂಪರೆಯನ್ನ ಆ ದಿನಕ್ಕೇ ತಂದು ಮುಟ್ಟಿಸ್ತವೆ. ಅಂದ್ರೆ ಈ ಹೆಸರಿನ ಕತೆಯಲ್ಲಿ ನಮ್ಮ ಬ್ರಹ್ಮಾವರದವರು ಒಪ್ಪಿದ ಬಿಷಪ್ಪರದೇ ದೊಡ್ಡ ಪಾತ್ರ.

1895ರಲ್ಲಿ ಗೋವಾದಲ್ಲಿ ಆಲ್ವಾರಿಸ್ ಅವರನ್ನ ಹಿಡಿದು ಬಿಷಪ್ ಉಡುಪನ್ನೇ ಕಳಚಿಸಿದ್ರು. ಉಡುಪು ಯಾರು ಹಾಕ್ಬಹುದು, ಹೆಸರು ಯಾರು ಇಟ್ಕೋಬಹುದು ಅನ್ನೋ ಜಗಳ ಆಗಿನಿಂದಲೂ ಇದೆ, ಕೆಂಪು ಗೀಟು ನೋಡಿದಾಗ ನಂಗೆ ಅದೇ ನೆನಪಾಗಿದ್ದು. ಅದೇ ಮನುಷ್ಯ ಪಣಜಿಯಲ್ಲಿ ಬಡವರಿಗೆ ಆಶ್ರಯ ಕೊಟ್ಟು, ಕಾಲರಾಕ್ಕೆ ಏನು ಮಾಡ್ಬೇಕು ಅಂತ ಪುಸ್ತಿಕೆ ಬರೆದು, 1923ರಲ್ಲಿ ತೀರ್ಕೊಂಡ್ರು.

ಈಗ ನನ್ನ ಪ್ರಶ್ನೆಗಳು. ರೋಮಿನಿಂದ ಬೇರೆಯಾದವರಿಗೆ ‘ಭಿನ್ನಮತೀಯ’, ‘ಪಾಷಂಡಿ’ ಎರಡನ್ನೂ ಒಂದೇ ಅನ್ನೋ ಹಾಗೆ ಬಳಸೋದನ್ನ ನೋಡಿದೀನಿ. ಪಾಷಂಡಿ ಅಂದ್ರೆ ನಂಬಿಕೆಯೇ ಕೆಟ್ಟವನು. ಇಲ್ಲಿ ಜಗಳ ಹತ್ತಿದ್ದು ಯಾರ ಮಾತು ನಡೀಬೇಕು ಅನ್ನೋದಕ್ಕೆ, ನಮ್ಮಲ್ಲಿ ಮಠದ ಪಟ್ಟಕ್ಕೆ ಜಗಳವಾಗಿ ಶಿಷ್ಯರು ಎರಡು ಪಾಲಾದ್ರೆ ಅವರನ್ನ ಯಾರೂ ಪಾಷಂಡಿ ಅನ್ನಲ್ಲ. ಹೀಗೆ ಒಡೆದುಹೋಗೋದಕ್ಕೆ ಬೈಗುಳವಲ್ಲದ ಕನ್ನಡ ಪದ ಬೇಕು. ‘ಒಡಕು’ ಸಾಕಾ?

‘ಪದ್ರುವಾದು’ ಬಗ್ಗೆಯೂ ಕೇಳ್ಬೇಕು. ಒಬ್ರು ‘ರಾಜಾಶ್ರಯ’ ಅಂತ ಹಾಕಿ ಅಂದ್ರು, ಆದ್ರೆ ರಾಜಾಶ್ರಯ ಅಂದ್ರೆ ಆಸ್ಥಾನಕವಿಗಳು ಕಣ್ಮುಂದೆ ಬರ್ತಾರೆ, ಇದು ಇಗರ್ಜಿ ಸಾಕೋ ಹೊಣೆಗೆ ಬದಲಾಗಿ ಬಿಷಪ್ಪರ ಹೆಸರು ಸೂಚಿಸೋಕೆ ಪೋರ್ಚುಗಲ್ ರಾಜನಿಗಿದ್ದ ಹಕ್ಕು. ‘ಪ್ರೊಪಗಾಂಡ’ವನ್ನ ‘ಪ್ರಚಾರ ಇಲಾಖೆ’ ಅಂದ್ರೂ ಈಗಿನ ಕೆಟ್ಟ ಅರ್ಥ ಅಂಟ್ಕೊಳ್ಳುತ್ತೆ, ಅದಕ್ಕೆ ಎರಡನ್ನೂ ಹಾಗೇ ಬಿಟ್ಟು ಒಂದೊಂದು ಸಾಲು ವಿವರಣೆ ಕೊಡೋಣ ಅಂತಿದೀನಿ.

ಬ್ರಹ್ಮಾವರ, ಕಲ್ಯಾಣಪುರ ಕಡೆಯವರು ಯಾರಾದ್ರೂ ಇದ್ರೆ ಹೇಳಿ, ಮನೆಯಲ್ಲಿ ಹಿರಿಯರು ಈ ಸಭೆಯವರನ್ನ ಏನಂತ ಕರೀತಿದ್ರು, ‘ಸಿರಿಯನ್’ ಅಂತ್ಲೇನಾ? ಅದಕ್ಕೂ ಮುಂಚೆ ಕೊಂಕಣಿಯಲ್ಲೋ ತುಳುವಲ್ಲೋ ಬೇರೆ ಹೆಸರಿತ್ತಾ? ಸಂಚಿಕೆ ಪ್ರೆಸ್ಸಿಗೆ ಹೋಗೋ ಮುಂಚೆ ಆ ಕೆಂಪು ಗೀಟಿಗೆ ಉತ್ತರ ಬರೀಬೇಕು ನಾನು.